ಚಿಕ್ಕೋಡಿ ಹೆಸರಿನ ಪತಂಗ

ಗೆಳೆಯರೇ, ಅಥಣಿ ತಾಲ್ಲೂಕಿನ ತೆಲಸಂಗದ ಬಸಗೌಡನ ದ್ರಾಕ್ಷಿ ತೋಟದಲ್ಲಿ ನಾನು ಹಿಡಿದ ಅಕ್ಕಿಕಾಳಿನಷ್ಟು ಪತಂಗ ಹೊಸ ಪ್ರಭೇದವೇ ಇರಬಹುದು, ಆದರೆ ವಿವರಿಸಲು ಫೋಟೊ ಸಾಲದು, ಹುಳುವನ್ನೇ ಕಳಿಸಿ ಎಂದು ಧಾರವಾಡದ ಸಂಶೋಧಕರೊಬ್ಬರು ಇಂದು ಬೆಳಿಗ್ಗೆ ತಿಳಿಸಿದರು. ನಾನು ಕಳಿಸುವುದು ಬಿಟ್ಟು ತೋಟದಲ್ಲೇ ನಿಂತು ಅದಕ್ಕೆ ಹೆಸರಿಡಲು ಹೊರಟೆ.

“ಚಿಕ್ಕೋಡಿ ಹೆಸರ ಇಡೂದು. ಎಷ್ಟ ವರ್ಷ ಬೇಡಿದ್ರೂ ಸರಕಾರ ನಮಗ ಜಿಲ್ಲಾ ಕೊಡಲಿಲ್ಲ, ಹುಳಕ್ಕಾದ್ರೂ ನಮ್ಮೂರ ಹೆಸರ ಬರ್ಲಿ” ಅಂದೆ.

ಬಸಗೌಡ ಒಪ್ಪಲಿಲ್ಲ. “ನನ್ನ ತ್ವಾಟದಾಗ ಹುಟ್ಟಿದ್ದಕ್ಕ ನಿಮ್ಮೂರ ಹೆಸರ ಯಾಕ್ರಿ? ಜಿಲ್ಲಾ ನಾವೂ ಕೇಳೇವಿ. ಅಥಣಿ ಅಂತ ಇಡ್ರಿ.”

“ರೆಕ್ಕಿ ಮ್ಯಾಲಿನ ಚುಕ್ಕಿ ಮೊದಲ ಕಂಡಾಂವ ನಾನು, ಇಲ್ಲಿ ನೋಡ” ಎಂದು ಹುಳುವಿದ್ದ ಶೀಶೆಯ ಮುಚ್ಚಳ ತೆಗೆದೆ. ಸಿಕ್ಕಿದ್ದ ಒಂದೇ ಒಂದು ಪತಂಗ ಬಳ್ಳಿಗಳ ಕಡೆ ಹಾರಿಹೋಯಿತು.

ಸಂಜೆ ಸಂಶೋಧಕರು ಫೋನ್ ಮಾಡಿ, “ಹುಳ ಕಳಿಸಿದ್ರೇನ್ರಿ?” ಎಂದು ಕೇಳಿದರು.

“ಹುಳ ಇಲ್ರಿ. ಹೆಸರ ಮಾತ್ರ ಎರಡು ತಯಾರ ಅದಾವ” ಎಂದೆ.