ಅಮ್ಮನ ಫೋಟೋ ತೆಗೆದವರು ಯಾರು?

ತಿದ್ದಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮೂವತ್ತಾರು ವರ್ಷ ಅಚ್ಚುಕೂಟದ ಮೂಲೆಯಲ್ಲಿ ಕೂತು ಕಂಡವರ ಬರಹದ ಕರಡು ತಿದ್ದಿದ್ದಕ್ಕೆ ಬಂಧುಬಳಗ ಕೊಟ್ಟ ಬಿರುದು. ನಿವೃತ್ತರಾದ ಮೇಲೂ ಚಾಳಿ ಬಿಡಲಿಲ್ಲ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಸಾಕು, ತಂದ ಚೀಟಿ ಜೇಬಿನಲ್ಲೇ ಉಳಿದು ಅರ್ಧ ಗಂಟೆ ವಾದ ನಡೆಯುತ್ತಿತ್ತು. ಮನುಷ್ಯ ಕೆಟ್ಟವರಲ್ಲ, ಕಾಟ ಮಾತ್ರ ವಿಪರೀತ.

ಈ ಪುಣ್ಯಾತ್ಮರಿಗೆ ಅಕ್ಕ ಒಂದು ಕೆಲಸ ಹೇಳಿದ್ದರು. ಭಾನುವಾರ ಅಕ್ಕನಿಗೆ ಎಂಬತ್ತು ತುಂಬುತ್ತದೆ. ಮನೆಯ ಹಳೆಯ ಫೋಟೋಗಳಿಗೆಂದೇ ತಿದ್ದಪ್ಪನವರ ಸೊಸೆ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಮಾಡಿಟ್ಟಿದ್ದಳು. ಯಾರು ಬೇಕಾದರೂ ನೋಡಬಹುದು. ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತು ನಗುತ್ತಿರುವ ಫೋಟೋ ಅಷ್ಟರೊಳಗೆ ಅಲ್ಲಿ ಬರಬೇಕು. ಉಳಿದ ಫೋಟೋಗಳಲ್ಲೆಲ್ಲ ಅಮ್ಮನದು ಗಂಟಿಕ್ಕಿದ ಮುಖ. ಹಿರಿಮಗಳಾದ ಅಕ್ಕ ಅಂತೂ ಬೈಸಿಕೊಂಡೇ ಬೆಳೆದವರು.

"ಅಮ್ಮ ನಕ್ಕಿದ್ದು ನಂಗೆ ನೆನಪೇ ಇಲ್ಲ ಕಣೋ. ಆ ದಿನವಾದ್ರೂ ಆ ಮುಖ ಕಣ್ತುಂಬ ನೋಡ್ಬೇಕು" ಎಂದಿದ್ದರು.

ಹಾಕಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬ ಸಾಲನ್ನು ನೂರಾರು ಪುಸ್ತಕಗಳಲ್ಲಿ ಓದಿ ಓದಿ ಅದು ತಿದ್ದಪ್ಪನವರ ರಕ್ತಕ್ಕೇ ಇಳಿದಿತ್ತು. ಆಲ್ಬಮ್ ನಮ್ಮದಾದರೆ ಚಿತ್ರದ ಹಕ್ಕು ನಮ್ಮದಾಗುವುದಿಲ್ಲ, ಅದು ಕ್ಯಾಮೆರಾ ಹಿಡಿದವರದ್ದು, ಅವರನ್ನೋ ಅವರ ಮಕ್ಕಳನ್ನೋ ಕೇಳಲೇಬೇಕು ಎಂದು ಪಟ್ಟು ಹಿಡಿದರು. ಫೋಟೋದ ಬೆನ್ನ ಮೇಲೆ ಸ್ಟುಡಿಯೋ ಮೊಹರಿಲ್ಲ. ಅಕ್ಕನನ್ನು ಕೇಳಿದರೆ, ಅಪ್ಪನ ಸ್ನೇಹಿತರು ಯಾರೋ ಒಂದು ದಿನ ಕ್ಯಾಮೆರಾ ತಂದಿದ್ದರು ಅಂತಷ್ಟೇ ಗೊತ್ತು. ತಿದ್ದಪ್ಪನವರು ಆಗಿನ್ನೂ ಹುಟ್ಟಿರಲಿಲ್ಲ. ಇಷ್ಟು ಹಳೆಯದನ್ನು ಯಾರು ಕೇಳುತ್ತಾರೆ ಮಾವ ಎಂದು ಸೊಸೆ ಗೋಗರೆದಳು. ಕೇಳುವವರಿಲ್ಲ ಅಂತ ಎತ್ತಿಕೊಂಡುಬಿಡುವುದೇ ಎಂದು ಇವರು ಕನ್ನಡಕ ಏರಿಸಿದರು.

ಬುಧವಾರ ಬೆಳಿಗ್ಗೆ ಕುಟುಂಬದ ಮೊಬೈಲ್ ಗುಂಪಿಗೆ ಒಂದು ಸಂದೇಶ ಹೋಯಿತು: 'ನಮ್ಮ ಆಲ್ಬಮ್ಮಿನ ಅಮ್ಮನ ಫೋಟೋ ತೆಗೆದವರು ಯಾರು? ಭಾನುವಾರದೊಳಗೆ ತಿಳಿಸಿ. ಇದು ಕಾನೂನಿನ ವಿಷಯ.' ಅಲ್ಪವಿರಾಮ ಪೂರ್ಣವಿರಾಮ ಎಲ್ಲ ನೆಟ್ಟಗಿದ್ದವು. ಕ್ಯಾಮೆರಾದಲ್ಲಿ ತೆಗೆಯುವುದೂ ತೆಗೆಯುವುದೇ, ಆಲ್ಬಮ್ಮಿನಿಂದ ಎಗರಿಸುವುದೂ ತೆಗೆಯುವುದೇ ಎಂಬುದು ಮಾತ್ರ ಆ ಮಹಾಪಂಡಿತರ ತಲೆಗೆ ಹೊಳೆಯಲಿಲ್ಲ ನೋಡಿ.

ಮಧ್ಯಾಹ್ನದ ಹೊತ್ತಿಗೆ ಗುಂಪು ಕುದಿಯತೊಡಗಿತು. ನಾದಿನಿ ತನ್ನನ್ನು ಕಳ್ಳಿ ಅಂದರೆಂದು ಗುಂಪು ಬಿಟ್ಟಳು. ಚಿಕ್ಕಪ್ಪನ ಮಗ ಮಕ್ಕಳ ಮೇಲೆ ಆಣೆ ಮಾಡಿ, ಆ ಆಲ್ಬಮ್ ಮುಟ್ಟೇ ಇಲ್ಲ ಎಂದ. ಅವನ ಹಿಂದೆಯೇ ಅವನ ಹೆಂಡತಿ, ಹತ್ತು ವರ್ಷದ ಕೆಳಗೆ ಒಯ್ದಿದ್ದ ಇಸ್ತ್ರಿಪೆಟ್ಟಿಗೆಯನ್ನು ತುಟಿಪಿಟಕ್ಕೆನ್ನದೆ ಬಾಗಿಲಲ್ಲಿಟ್ಟು ಹೋದಳು. ಗುರುವಾರ ಒಂದು ಏಣಿಯೂ ಬಂತು. ಅದು ಕಳೆದದ್ದೇ ಮನೆಯವರಿಗೆ ಗೊತ್ತಿರಲಿಲ್ಲ.

ಶುಕ್ರವಾರ ಬಂದವಳು ತಂಗಿ. ಕೂರು ಅನ್ನುವ ಮೊದಲೇ ಕಣ್ಣೀರು. ಮದುವೆಯಾಗಿ ಹೊರಡುವ ದಿನ ಅಮ್ಮನ ನೆನಪಿಗೆಂದು ಆಲ್ಬಮ್ಮಿನಿಂದ ಒಂದು ಫೋಟೋ ಬಿಡಿಸಿಕೊಂಡು ಹೋಗಿದ್ದಳಂತೆ. ಕದ್ದದ್ದಲ್ಲ, ತೆಗೆದಿಟ್ಟುಕೊಂಡದ್ದು ಎಂದು ಬಿಕ್ಕುತ್ತ ಚೀಲದಿಂದ ಒಂದು ಲಕೋಟೆ ಚಾಚಿದಳು.

ಅದೇ ಮೆಷಿನ್ನು, ಅದೇ ಸೀರೆ, ಅದೇ ನಗು. ಆದರೆ ಇದನ್ನು ತುಸು ಪಕ್ಕದಿಂದ ತೆಗೆದಿದ್ದರು. ಅಮ್ಮನ ಹಿಂದಿನ ಬೀರುವಿನ ಕನ್ನಡಿ ಪೂರಾ ಕಾಣುತ್ತಿತ್ತು. ತಿದ್ದಪ್ಪ ಭೂತಗನ್ನಡಿ ಹಿಡಿದು ನೋಡಿದವರೇ ಫೋನಿಗೆ ಕೈಹಾಕಿದರು.

"ಅಕ್ಕಾ, ಆ ಫೋಟೋ ತೆಗೆದಿದ್ದು ನೀನು."

ಅಕ್ಕ ಸಿಡಿದೆದ್ದರು. ಎಂಬತ್ತರ ಹೊಸ್ತಿಲಲ್ಲಿ ತಮ್ಮನ ಬಾಯಲ್ಲಿ ಕಳ್ಳಿ ಅನ್ನಿಸಿಕೊಳ್ಳಬೇಕೇ ಎಂದು ತರಾಟೆಗೆ ತೆಗೆದುಕೊಂಡರು. ತಿದ್ದಪ್ಪನವರಿಗೆ ತಮ್ಮ ವಾಕ್ಯದ ಗತಿ ಆಗ ಅರ್ಥವಾಯಿತು. ಹಣೆ ಹಣೆ ಚಚ್ಚಿಕೊಂಡರು.

"ಕ್ಯಾಮೆರಾ ಹಿಡಿದಿದ್ದು ನೀನು ಅಂದೆ. ಕನ್ನಡೀಲಿ ಕಾಣ್ತಿದ್ದೀಯ. ಎರಡು ಜಡೆ, ಮುಂದಿನ ಹಲ್ಲಿಲ್ಲ. ಕ್ಯಾಮೆರಾನ ಹೊಟ್ಟೆಗೆ ಅವಚ್ಕೊಂಡು ನಿಂತಿದ್ದೀಯ."

"ಕೋಣೇಲಿ ಬೇರೆ ಯಾರಿದ್ದಾರೋ?" ಎಂದು ಅಕ್ಕ ಮೆಲ್ಲಗೆ ಕೇಳಿದರು.

"ಯಾರೂ ಇಲ್ಲ. ನೀನು, ಅಮ್ಮ."

"ಹಾಗಾದ್ರೆ ಅಮ್ಮ ನಕ್ಕಿದ್ದು ನನ್ನ ನೋಡಿ."

ತಿದ್ದಪ್ಪನವರು ಭೂತಗನ್ನಡಿಯನ್ನು ಮತ್ತೆ ಅಮ್ಮನ ನಗುವಿನ ಮೇಲೆ ಹಿಡಿದರು. ಆದರೂ ನಿಯಮ ನಿಯಮವೇ. ಹಕ್ಕುದಾರಳು ನೀನೇ ಆದ್ದರಿಂದ ಪುಟಕ್ಕೆ ಹಾಕಲು ನಿನ್ನ ಒಪ್ಪಿಗೆ ಬೇಕು ಎಂದರು.

"ಕೊಡಲ್ಲ" ಎಂದರು ಅಕ್ಕ. ಅಳುತ್ತಿದ್ದರು, ನಗುತ್ತಲೂ ಇದ್ದರು. "ಮೊದ್ಲು ನಂಗೆ ತಂದ್ಕೊಡು. ನಾನು ನೋಡಿ ಸಾಕಾದ್ಮೇಲೆ ಊರೆಲ್ಲ ನೋಡ್ಲಿ."

ತಿದ್ದಪ್ಪ ಎರಡೂ ಫೋಟೋಗಳನ್ನು ಲಕೋಟೆಗೆ ಹಾಕಿಕೊಂಡು ಆಗಲೇ ಬಸ್ಸಿಗೆ ಹೊರಟರು.