ಹೊಂಗೆ ಮರದಡಿಯ ಕೋಶಗಳು

ಪಾವಗಡದ ಕಡೆ ಸೋಲಾರ್ ಪಾರ್ಕಿನ ಕೆಲಸ ಶುರುವಾದ ವರ್ಷ ನಾನು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯಲ್ಲಿ ಸಹಾಯಕ ಕೃಷಿ ಅಧಿಕಾರಿಯಾಗಿದ್ದೆ. ಹೆಂಡತಿ ತೀರಿಕೊಂಡ ಮೇಲೆ ನಾನೇ ಕೇಳಿ ಹಾಕಿಸಿಕೊಂಡ ಜಾಗ ಅದು. ಬಾಡಿಗೆ ಕೋಣೆ, ಒಂದು ತಟ್ಟೆ, ಒಂದು ಲೋಟ. ಮಾತಿಗೆ ಸಿಗುತ್ತಿದ್ದವರು ರೈತರು ಮಾತ್ರ; ಅವರ ಬಾಯಲ್ಲೂ ಹುಳುವಿನ ಸುದ್ದಿಯೇ.

ಅದು ಕೆಂಪು ಕಂಬಳಿ ಹುಳು. ಪಾವಗಡ, ಶಿರಾ, ಮಧುಗಿರಿಯ ಮಳೆಯಾಶ್ರಿತ ಕಡಲೆಕಾಯಿ ಹೊಲಗಳೇ ಅದರ ಸೀಮೆ. ಕೊರಟಗೆರೆಯ ನೀರಾವರಿ ತೋಟಗಳಲ್ಲಿ ನನಗೆ ಅಷ್ಟಾಗಿ ಕಂಡಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಬಿಳಿ ಪತಂಗಗಳು ಮಣ್ಣಿನಿಂದೆದ್ದು, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತವೆ. ಮರಿಹುಳುಗಳು ಹಿಂಡು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಮೇಯುತ್ತ ಹೋಗಿ, ಕೊನೆಗೆ ಬದುವಿನಲ್ಲೋ ಮರದ ನೆರಳಲ್ಲೋ ಮಣ್ಣೊಳಗೆ ಹೊಕ್ಕು ಕೋಶ ಕಟ್ಟುತ್ತವೆ. ಮುಂದಿನ ಮುಂಗಾರಿನವರೆಗೂ ಅಲ್ಲೇ ವಾಸ. ಬೇಸಿಗೆಯಲ್ಲಿ ಆಳವಾಗಿ ಉತ್ತು ಕೋಶಗಳನ್ನು ಮೇಲೆ ತಂದರೆ ಬಿಸಿಲು, ಹಕ್ಕಿಗಳು ಮಿಕ್ಕ ಕೆಲಸ ಮುಗಿಸುತ್ತವೆ. ಒಬ್ಬರು ಬಿಟ್ಟರೂ ಊರಿಗೆಲ್ಲ ತಾಪತ್ರಯ.

ಬಿಟ್ಟವರು ಹನುಮಕ್ಕ. ಅವರ ಹೊಲದ ಹೊಂಗೆ ಮರದಡಿ ಗಂಡನ ಸಮಾಧಿಯಿತ್ತು. ಹೂತ ಜಾಗಕ್ಕೆ ಆ ಊರಲ್ಲಿ ಯಾರೂ ನೇಗಿಲು ಹಾಕುವುದಿಲ್ಲ. ಸುತ್ತ ಕೆದಕಿದರೆ ಹಿಡಿ ಹಿಡಿ ಕೋಶ ಸಿಕ್ಕವು. ಹಿಂದಿನ ವರ್ಷ ಬೆಳೆಯೆಲ್ಲ ಹುಳುವಿನ ಪಾಲಾಗಿದ್ದ ಪಕ್ಕದ ಹೊಲದ ರಂಗಪ್ಪ ಟ್ರ್ಯಾಕ್ಟರ್ ತಂದೇ ನಿಲ್ಲಿಸಿದ್ದ.

"ನೀವೇ ಹೇಳ್ಬುಡಿ ಸಾ. ಈ ಸಲನೂ ಹೋದ್ರೆ ನಾವೇನ್ ಮಣ್ ತಿನ್ನಾದಾ?"

ಇಲಾಖೆಯ ಕೈಪಿಡಿಯಲ್ಲಿ ಸಮಾಧಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಹುಳುವಿನ ಜೀವನಚಕ್ರವನ್ನಷ್ಟೇ ವಿವರಿಸಿದೆ. ಹನುಮಕ್ಕ ಪೂರ್ತಿ ಕೇಳಿಸಿಕೊಂಡರು.

"ಟ್ರ್ಯಾಕ್ಟರ್ ಬ್ಯಾಡ ಸಾ. ನಾನೇ ಕೈನಾಗೆ ತೆಗೀತೀನಿ."

ಯಾರನ್ನೂ ಹತ್ತಿರ ಸೇರಿಸಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಮಣ್ಣನ್ನು ಬೊಗಸೆ ಬೊಗಸೆಯಾಗಿ ಜಾಲಾಡಿ, ಕೋಶಗಳನ್ನು ಮಂಕರಿಗೆ ಹಾಕಿದರು. ಆಮೇಲೆ ಆ ಮಣ್ಣನ್ನು ಮತ್ತೆ ಸಮಾಧಿಯ ಸುತ್ತ ಎಳೆದು, ಅಂಗೈಯಿಂದ ತಟ್ಟಿ ಸಮ ಮಾಡಿದರು.

ಆ ಮುಂಗಾರಿಗೆ ಪತಂಗಗಳು ಎದ್ದದ್ದು ಕಡಿಮೆ. ಬೆಳೆ ಉಳಿಯಿತು. ರಂಗಪ್ಪ ಗೆಲುವಾಗಿದ್ದ. ಹನುಮಕ್ಕ ಹೊಂಗೆ ಮರದ ಕೆಳಗೆ ಒಬ್ಬರೇ ಕೂತಿದ್ದರು.

"ನಿಮ್ಮಿಂದ ಊರಿನ ಬೆಳೆ ಉಳೀತಲ್ಲ ಹನುಮಕ್ಕ" ಎಂದೆ.

"ಉಳೀತು ಸಾ. ಮಣ್ಣೊಳಗೆ ಆ ಹುಳಗಳಾದ್ರೂ ಇದ್ವು ಜೊತೆಗೆ. ಈಗ ನಮ್ಮೆಜಮಾನ್ರು ಒಬ್ರೇ ಆಗ್ಬುಟ್ರು."

ಕೋಣೆಗೆ ಹೋಗಲು ಮನಸ್ಸಾಗದೆ ಅಲ್ಲೇ ಕೂತೆ.

ಆಳವಾಗಿ ಉಳುಮೆ ಮಾಡಿ ಎಂದು ಹೇಳುವುದನ್ನು ಸರ್ವೀಸ್ ಮುಗಿಯುವವರೆಗೂ ನಾನು ಬಿಡಲಿಲ್ಲ. ಆದರೆ ಹೇಳುವ ಮೊದಲು ಒಂದು ಮಾತು ಕೇಳುತ್ತಿದ್ದೆ: ಈ ಹೊಲದಲ್ಲಿ ನಿಮ್ಮವರು ಯಾರಾದರೂ ಇದ್ದಾರಾ?