ಗಂಗಮ್ಮನವರು ಕಚ್ಚಿ ನೋಡಿದ ಮಾತ್ರೆ

ಗೆಳೆಯರೇ, ಇವತ್ತು ಸವಳಂಗದಲ್ಲಿ ಒಬ್ಬ ಅಜ್ಜಿಗೆ ಮನಸ್ಸಿನಲ್ಲೇ ಕೈಮುಗಿದು ಬಂದೆ.

ಮಂಡಿನೋವಿನ ಹೊಸ ಔಷಧಿಯ ಪ್ರಯೋಗ ನಡೆಯುತ್ತಿದೆ. ಮನೆಮನೆಗೆ ಹೋಗಿ, ನೋವು ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು.

"ನಂದು ಬರೀ ಸಪ್ಪೆ ಗುಳಿಗೆ ಕಣವ್ವಾ," ಎಂದರು ಗಂಗಮ್ಮ. "ಕಚ್ಚಿ ನೋಡೀನಿ. ನನ್ನ ನೆಗೆಣ್ಣಿಗೂ ಕೊಟ್ಟೀರಲ್ಲ, ಅವಳು ತನ್ನದು ಕಹಿ ಐತೆ ಅಂತಾಳೆ."

ನಾನು ತಟ್ಟನೆ ಕೇಳಿದೆ, "ಅವರಿಗೆ ಹೇಳಿದ್ರಾ?"

"ಹೆಂಗೆ ಹೇಳಲಿ? ತನ್ನದು ಖರೇ ಔಷಧಿ ಅಂತ ಗೊತ್ತಾದ್ರೆ ಅವಳ ನೋವು ಖುಷಿಗೇ ಅರ್ಧ ಇಳಿತೈತೆ. ನಿಮ್ಮ ಲೆಕ್ಕ ಕೆಡಲ್ವಾ? ತಿಂಗಳಿಂದ ಬಾಯಿ ಮುಚ್ಕೊಂಡು ನುಂಗ್ತಿದೀನಿ. ನನ್ನ ನೋವು ಎಷ್ಟೈತೋ ಅಷ್ಟೇ ಬರ್ಕೊ."

ಅವರು ಹೇಳಿದ ನೋವಿನ ಅಂಕಿಯನ್ನು ಹಾಗೇ ಬರೆದುಕೊಂಡೆ.

ಆಮೇಲೆ ಅಂಕಿಅಂಶ ನೋಡುವ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಮುಚ್ಚಿಡಬೇಡಿ. ಅವರ ಊಹೆ, ಅದಕ್ಕೆ ಕಾರಣ ಎರಡೂ ಬರೀರಿ. ಹಿಂಗೆ ಗುರುತು ಹಿಡಿದವರನ್ನ ಸೇರಿಸಿ ಒಂದ್ಸಲ, ಬಿಟ್ಟು ಒಂದ್ಸಲ ಲೆಕ್ಕ ಹಾಕಿ, ಫಲಿತಾಂಶ ಬದಲಾಗುತ್ತಾ ನೋಡ್ತೀವಿ," ಎಂದರು. ಸ್ವಲ್ಪ ತಡೆದು ಕೇಳಿದರು, "ಆ ಅಜ್ಜಿ ಏನು ಓದಿದಾರೆ?"

"ಹೆಬ್ಬೆಟ್ಟು ಸರ್," ಎಂದೆ. "ಒಪ್ಪಿಗೆ ಪತ್ರದಲ್ಲಿ ಐತೆ ನೋಡಿ."